ಬರೆದಾಯ್ತು ಎನ್ನುವುದು ಯಾವಾಗ?

ಹಿಂದೆ ನಮ್ಮ ಕಡೆಯ ವರ್ತಕರೂ ಮಠಗಳೂ ಲೆಕ್ಕ ಬರೆಯುತ್ತಿದ್ದುದು ಕಡತಗಳಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಬೇಕೆಂದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಈಗ ಕಂಪ್ಯೂಟರಿನ ಫೈಲಿಗೂ ಕಡತವೆಂದೇ ಹೆಸರು.

ಲಿನಕ್ಸ್‌ನಲ್ಲಿ ಈ ಕಡತಗಳನ್ನು ಕಾಯುವ ಉಪಾಯವೂ ಲೆಕ್ಕಿಗರದ್ದೇ. ಸ್ಟೀಫನ್ ಟ್ವೀಡಿ ರೂಪಿಸಿದ ಇಎಕ್ಸ್‌ಟಿ3, 2001ರಲ್ಲಿ ಲಿನಕ್ಸ್‌ನ ಮುಖ್ಯ ಆವೃತ್ತಿಗೆ ಸೇರಿತು. ಅದು ಬದಲಾವಣೆಗಳನ್ನು ಮೊದಲು ಜರ್ನಲ್‌ನಲ್ಲಿ, ಅಂದರೆ ಕಿರ್ದಿಯಲ್ಲಿ ಬರೆದು, ಆಮೇಲೆ ಖಾತೆಗೆ ಏರಿಸುತ್ತದೆ. ನಡುವೆ ಕರೆಂಟು ಹೋದರೆ ಕಿರ್ದಿ ನೋಡಿ ಸರಿಪಡಿಸಿಕೊಳ್ಳುತ್ತದೆ. ಖರ್ಚು ಹಾಕಿ ಜಮಾ ಹಾಕದ ಅರ್ಧ ನಮೂದಿಗಿಂತ ನಮೂದೇ ಇಲ್ಲದಿರುವುದು ವಾಸಿ ಎಂದು ಬಿ.ಕಾಂ. ಮೊದಲ ವರ್ಷದ ಹುಡುಗನಿಗೂ ಗೊತ್ತು.

ಎಷ್ಟು ಜಾಗ್ರತೆ ಬೇಕೆಂಬುದನ್ನು ಮೌಂಟ್ ಮಾಡುವವನು ತೀರ್ಮಾನಿಸುತ್ತಾನೆ. 'ಜರ್ನಲ್' ಎಂದರೆ ಮಾಹಿತಿಯನ್ನೂ ಕಿರ್ದಿಯಲ್ಲಿ ಬರೆಯುತ್ತದೆ. ಎಲ್ಲವೂ ಎರಡೆರಡು ಸಲ, ನಿಧಾನ. 'ಆರ್ಡರ್ಡ್' ಎಂದರೆ ಮಾಹಿತಿ ಡಿಸ್ಕ್ ಸೇರಿದ ಮೇಲೆಯೇ ಅದರ ವಿವರ ಕಿರ್ದಿಗೆ ಖಾಯಂ ಆಗುತ್ತದೆ. 'ರೈಟ್‌ಬ್ಯಾಕ್'ನಲ್ಲಿ ಆ ಕ್ರಮವೂ ಇಲ್ಲ. ಅಪಘಾತವಾದರೆ ಹೊಸ ಕಡತದೊಳಗೆ ಎಂದೋ ಅಳಿಸಿದ ಹಳೆಯ ಬರಹ ಕಾಣಬಹುದು, ಒರೆಸಿದ ಬಳಪದ ಗುರುತಿನ ಹಾಗೆ. ಇದೆಲ್ಲದರ ಕೆಳಗೆ 'ಬ್ಯಾರಿಯರ್' ಇದೆ. ಡಿಸ್ಕ್ ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಂಡದ್ದನ್ನೂ "ಬರೆದಾಯ್ತು" ಎಂದುಬಿಡುತ್ತದೆ, ಬರೆಯುವ ಕ್ರಮವನ್ನೂ ಬದಲಿಸುತ್ತದೆ. ಬ್ಯಾರಿಯರ್ ಅದಕ್ಕೆ ಕಡಿವಾಣ. ತೆಗೆದರೆ ವೇಗ ಬರುತ್ತದೆ, ಆದರೆ ಬರಹಕ್ಕಿಂತ ಮೊದಲೇ ಸಹಿ ಬೀಳಬಹುದು. ಖಾಲಿ ವೋಚರಿಗೆ ಸಹಿ ಹಾಕಿದಂತೆ.

ಪ್ಲೇನ್ಸ್‌ಬರೋದಲ್ಲಿ ನಾನು ಕೆಲಸಕ್ಕಿದ್ದ ಸಣ್ಣ ಕಚೇರಿಯಲ್ಲಿ ಆದದ್ದು ಇದೇ. 2012ರ ಅಕ್ಟೋಬರ್ 15ರ ತೆರಿಗೆ ಗಡುವಿನ ಗಡಿಬಿಡಿಯಲ್ಲಿ, ಸರ್ವರ್ ನೋಡಿಕೊಳ್ಳುತ್ತಿದ್ದ ಹಾಸನದ ಹುಡುಗ ಬ್ಯಾರಿಯರ್ ತೆಗೆದ. ಡಿಸ್ಕಿಗೆ ಬ್ಯಾಟರಿಯ ಆಸರೆ ಇದ್ದಿದ್ದರೆ ನಾನು ಮಾತೇ ಆಡುತ್ತಿರಲಿಲ್ಲ. ಇರಲಿಲ್ಲ. ಗಡುವು ಕಳೆದರೂ ಅದು ಹಾಗೇ ಉಳಿಯಿತು. 29ರ ರಾತ್ರಿ ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿಗೆ ಅಪ್ಪಳಿಸಿತು, ಲಕ್ಷಾಂತರ ಮನೆಗಳು ಕತ್ತಲಾದವು. ಕರೆಂಟು ಬಂದ ಮೇಲೆ ನೋಡಿದರೆ ಎಲ್ಲ ಕಡತಗಳೂ ನೆಟ್ಟಗಿದ್ದವು.

"ನೋಡಿ ಸರ್, ಏನಾಯ್ತು? ಏನೂ ಇಲ್ಲ" ಎಂದ.

ತಿಜೋರಿಯನ್ನು ರಾತ್ರಿಯಿಡೀ ತೆರೆದಿಟ್ಟರೂ ಕಳ್ಳತನ ಆಗಲಿಲ್ಲವೆಂದು ಆಡಿಟರ್ ಸುಮ್ಮನಿರುತ್ತಾನೆಯೇ? ವರದಿಯಲ್ಲಿ ಬರೆಯುತ್ತಾನೆ. ನನ್ನನ್ನು ಕಾಡಿದ್ದು ಇನ್ನೊಂದು. ಒಂದು ಗಂಟೆ ಬೇಗ ಮನೆಗೆ ಹೋದವರು ನಾವು. ಪಣಕ್ಕಿಟ್ಟದ್ದು ಎಡಿಸನ್ನಿನ ಅಂಗಡಿಯವನ ವರ್ಷದ ಲೆಕ್ಕ, ಯಾರದೋ ತಾಯಿಯ ಪಿಂಚಣಿ ಕಾಗದ. ಅವರನ್ನು ಯಾರೂ ಕೇಳಿರಲಿಲ್ಲ. ನನ್ನ ಮನೆಯ ಫೋಟೋಗಳನ್ನು ರೈಟ್‌ಬ್ಯಾಕ್‌ನಲ್ಲಿ ಇಟ್ಟರೆ ಅದು ನನ್ನ ಇಷ್ಟ, ಹೆಂಡತಿ ಬೈದರೂ. ಪರರ ಲೆಕ್ಕಕ್ಕೆ ಆ ಸಲಿಗೆ ಸಲ್ಲದು.

ಹುಡುಗನ ವಾದದಲ್ಲೂ ಹುರುಳಿತ್ತು ಅನ್ನಿ. "ಪೂರ್ತಿ ಜರ್ನಲ್ ಹಾಕಿ ಒಬ್ಬೊಬ್ಬರನ್ನೂ ಕಾಯಿಸಿದರೆ, ನಿಮ್ಮವರೇ ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ತಾರೆ ಸರ್, ಅದು ಇನ್ನೂ ಅಪಾಯ" ಎಂದ. ನಿಜ. ಬ್ಯಾಂಕಿನ ಲಾಕರು ತೆರೆಯಲು ಅರ್ಧ ದಿನ ಹಿಡಿದರೆ ಒಡವೆ ಅಕ್ಕಿಡಬ್ಬಿಗೆ ಸೇರುತ್ತದೆ. ಅಲ್ಲದೆ ಕಿರ್ದಿಯೇ ಎಲ್ಲವೂ ಅಲ್ಲ: ಅದು ಸಾಮಾನ್ಯವಾಗಿ ಐದು ಸೆಕೆಂಡಿಗೊಮ್ಮೆ ಖಾಯಂ ಆಗುತ್ತದೆ, ಆ ನಡುವಿನದು ಹೋಗಬಹುದು. ಡಿಸ್ಕೇ ಸುಟ್ಟರೆ ಬ್ಯಾಕಪ್ಪೇ ಗತಿ.

ಕೊನೆಗೆ ಒಂದು ಪಾಲು ಮಾಡಿಕೊಂಡೆವು. ಪ್ರಿಂಟಿಗೆ ಹೋಗುವ, ಮತ್ತೆ ತೆಗೆಯಬಹುದಾದ ತಾತ್ಕಾಲಿಕ ಕಡತಗಳಿಗೆ ಬೇರೆಯೇ ವಿಭಾಗ, ರೈಟ್‌ಬ್ಯಾಕ್. ಗ್ರಾಹಕರ ಖಾತೆಗಳಿಗೆ ಆರ್ಡರ್ಡ್, ಬ್ಯಾರಿಯರ್ ಸಮೇತ. ಎಲ್ಲ ಕಡೆಗೂ 'ನೋಎಟೈಮ್': ಕಡತವನ್ನು ಓದಿದಾಗಲೆಲ್ಲ ಸಮಯ ಬರೆಯುವುದು ಬೇಡ ಎನ್ನುವ ಈ ಆಯ್ಕೆ ನಮ್ಮಲ್ಲಿ ಯಾರಿಗೂ ನಷ್ಟವಿಲ್ಲದ ಉಳಿತಾಯ.

ಇನ್ನೊಂದು ಮಾತಿನಲ್ಲಿ ಮಾತ್ರ ಒಮ್ಮತವಾಗಲಿಲ್ಲ. ಮಾಹಿತಿಯನ್ನು ಹೇಗೆ ಕಾಪಾಡುತ್ತೇವೆಂದು ಗ್ರಾಹಕರ ಒಪ್ಪಂದಪತ್ರದಲ್ಲಿ ಒಂದು ಸಾಲು ಇರಲಿ ಎಂದೆ. ಅರ್ಥವಾಗದ್ದನ್ನು ಹೇಳಿ ಹೆದರಿಸುವುದೇಕೆ ಎಂದರು ಮಾಲೀಕರು. ನಾನು ಅಲ್ಲಿರುವವರೆಗೂ ಆ ಸಾಲು ಸೇರಲಿಲ್ಲ.