ದಾರಿ ನಡೆಯುವಾಗಿನ ಉಪದೇಶ

(ಧರ್ಮೋಪದೇಶಕಾಂಡ 6:7)



ದೇವರ ಆಜ್ಞೆಗಳನ್ನು ಮಕ್ಕಳಿಗೆ ಎಲ್ಲೆಲ್ಲಿ ಕಲಿಸಬೇಕೆಂದು ಹೇಳುವಾಗ ಮೋಶೆಯು ಮನೆಯೊಂದಿಗೆ ದಾರಿಯನ್ನೂ ಹೆಸರಿಸಿದನು. ನಾವಾದರೋ ಆ ಕೆಲಸವನ್ನು ಭಾನುವಾರದ ಪಾಠಶಾಲೆಗೆ ಒಪ್ಪಿಸಿ ಸುಮ್ಮನಿರುತ್ತೇವೆ.

ನಮ್ಮ ಸೀಮೆಯ ಋತುಗಳೇ ಪಾಠಪುಸ್ತಕವಾಗಿವೆ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಮಗುವನ್ನು ಹೊಲದ ಬದುವಿಗೆ ಕರೆದೊಯ್ದು, ಮಣ್ಣಿನಿಂದೆದ್ದ ಮಕಮಲ್ಲಿನಂಥ ಕೆಂಪು ಹುಳುವನ್ನು ತೋರಿಸಿರಿ. ಆಷಾಢದಲ್ಲಿ ಹುಣಸೂರಿನ ಲಕ್ಷ್ಮಣತೀರ್ಥವು ತುಂಬಿ ಹರಿಯುವಾಗಲೂ, ಕೃಷ್ಣರಾಜನಗರದ ಚುಂಚನಕಟ್ಟೆಯಲ್ಲಿ ಕಾವೇರಿಯು ಧುಮುಕುವಾಗಲೂ, ದೂರದಲ್ಲಿ ಅದರ ಕೈಹಿಡಿದು ನಿಲ್ಲಿರಿ. ಭಯಪಡತಕ್ಕದ್ದನ್ನೂ ಭರವಸವಿಡತಕ್ಕದ್ದನ್ನೂ ಮಗುವು ಒಟ್ಟಿಗೆ ಕಲಿಯುವುದು. ಮಾರ್ಗಶಿರದ ಇಬ್ಬನಿಯಲ್ಲಿ ಅವರೆಯ ಸೊಗಡನ್ನು ಮೂಸಿ ನೋಡಲಿ. ಬೇಸಗೆಯಲ್ಲಿ ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರು ಇಳಿದು ಹುಲ್ಲು ಚಿಗುರಲು, ಆನೆಗಳ ಹಿಂಡು ಮೇಯಬರುವದು. ಪರಲೋಕದ ತಂದೆಯು ಅವುಗಳನ್ನೂ ಮರೆತಿಲ್ಲವೆಂದು ತಿಳಿಸಿರಿ. ಕರ್ತನಾದ ಯೇಸುವು ಹಕ್ಕಿಗಳನ್ನೂ ಹೂವುಗಳನ್ನೂ ತೋರಿಸಿ ಬೋಧಿಸಿದ್ದು ಹೀಗೆಯೇ.

ಪಿರಿಯಾಪಟ್ಟಣದ ಕಡೆಯವರು, ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಬಿಡುವೆಲ್ಲಿ ಅನ್ನುವಿರೋ? ಮಕ್ಕಳನ್ನು ಆ ಕೆಲಸಕ್ಕೆ ಕರೆಯಲೇಬೇಡಿರಿ. ನೆನೆದ ಹಸಿಯೆಲೆಯ ವಿಷವು ಚರ್ಮದ ಮೂಲಕ ಸೇರಿ ತಲೆಸುತ್ತನ್ನೂ ವಾಂತಿಯನ್ನೂ ತರುತ್ತದೆ. ಆದರೆ ಸೊಪ್ಪು ಹದವಾಗಲೆಂದು ಬ್ಯಾರನ್ನಿನ ಒಲೆಯ ಮುಂದೆ ರಾತ್ರಿಯೆಲ್ಲಾ ಎಚ್ಚರವಾಗಿರುವ ತಂದೆಯು, ಮಗನ ಪ್ರಶ್ನೆಗಳಿಗೆ ಸಂಜೆಯಲ್ಲಿ ಅರ್ಧ ತಾಸು ಕೊಡಲಾರನೇ? ಈ ವರುಷ ಎಲೆ ಕೆಟ್ಟರೆ ಮುಂದಿನ ವರುಷ ಸಸಿ ನೆಡಬಹುದು. ಕಳೆದ ಬಾಲ್ಯವನ್ನು ಮತ್ತೆ ನೆಡಲಾಗದು.

ಆದಕಾರಣ ಪ್ರಿಯರೇ, ಈ ವಾರವೇ ನಿಮ್ಮ ಮಕ್ಕಳ ಕೈಹಿಡಿದು ಹೊರಡಿರಿ. ಅವರು ಕೇಳುವುದಕ್ಕೆ ತಾಳ್ಮೆಯಿಂದ ಉತ್ತರಕೊಡಿರಿ. ಕರ್ತನು ನಿಮ್ಮ ಸಂಗಡ ನಡೆಯಲಿ. ಆಮೆನ್.