ಪರದೇಶವಾಸವೂ ಕಾಯಕವೂ

ಕಡಲಾಚೆ ನೆಲೆಸಿದ ಮಕ್ಕಳನ್ನು ನೆನೆವಾಗ ನಮ್ಮ ಗೃಹಸ್ಥರ ಮನಸ್ಸು ಇಬ್ಬಗೆಯಾಗುವುದು: ಏಳಿಗೆಗೆ ಹಿಗ್ಗು, ಅಗಲಿಕೆಗೆ ಕೊರಗು. ಮಕ್ಕಳಲ್ಲಿಯೂ ಇದೇ ತೊಳಲಾಟ. ಅಲ್ಲಿ ದುಡಿಮೆಗೆ ಬೆಲೆಯುಂಟು. ಸುಖದುಃಖಗಳನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಲು ನೆರೆಹೊರೆಯಿಲ್ಲ. ಹಾಗಾದರೆ ಪರದೇಶವಾಸವು ದೋಷವೇ?

ಅಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆ ಮಾರಿ ಬಾಳಿದರೆಂದು ಪರಂಪರೆ ಹೇಳುತ್ತದೆ. ಕಾಯಕದಿಂದಲೇ ಪರನಾಡು ಅವರಿಗೆ ತನ್ನ ನಾಡಾಯಿತು. ಕರಸ್ಥಲದ ಇಷ್ಟಲಿಂಗಕ್ಕೆ ಗಡಿಯೆಂಬುದಿಲ್ಲ. 2015ರಲ್ಲಿ ಲಂಡನ್ನಿನ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆಯೂ ಸ್ಥಾಪಿತವಾಯಿತು.

ನಮ್ಮ ನವಿಲುತೀರ್ಥವನ್ನೇ ನೋಡಿರಿ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಇಲ್ಲಿಯ ಅಣೆಕಟ್ಟಿನಲ್ಲಿ ನಿಂತು, ಹೊಲಗಳಿಗೆ ನೀರುಣಿಸಿ, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಟ್ಟಿದ ಸ್ಥಳವನ್ನು ಬಿಟ್ಟುದರಿಂದಲೇ ಅದು ಪರೋಪಕಾರಿಯಾಯಿತು.

ಆದರೆ ಲಿಂಗವು ಜೊತೆಗೆ ಬರುವಂತೆ ಮುಪ್ಪಿನ ತಾಯಿತಂದೆಗಳು ಬರಲಾರರು. ಹಣ ಕಳುಹಿಸಿದ ಮಾತ್ರಕ್ಕೆ ಅವರ ದಾಸೋಹವು ತೀರದು. ನೀಡುವ ಕೈಯೂ ಎದುರಿಗಿರಬೇಕು. ನದಿಯು ಹಿಂದಿರುಗಲಾರದು, ಮನುಷ್ಯನು ಹಿಂದಿರುಗಬಲ್ಲನು. ಆದುದರಿಂದ ಹೋದವರನ್ನು ಹಳಿಯುವುದು ಬೇಡ. ಹೋದವರಾದರೋ ಕೊನೆಯುಸಿರಿನ ಸುದ್ದಿಗೆ ಕಾಯದೆ, ಹಿರಿಯರು ಒಡನೆ ಕುಳಿತು ಉಣ್ಣಬಲ್ಲ ಕಾಲದಲ್ಲಿಯೇ ಬರಬೇಕು.