ನೀರು ಕೊರೆದ ಕಲ್ಲು



ಕಲ್ಲೂ ಅನಿತ್ಯ ಎಂಬುದನ್ನು ಕಣ್ಣಾರೆ ನೋಡಬೇಕಿದ್ದರೆ ಆಂಧ್ರದ ಗಂಡಿಕೋಟಕ್ಕೆ ಹೋಗಿ. ಭಾಗ್ಯನಗರದಿಂದ ಬಳ್ಳಾರಿ, ತಾಡಿಪತ್ರಿ ದಾಟಿ ಮನೆಮಂದಿಯೆಲ್ಲ ಹೋಗಿದ್ದೆವು. ನಮ್ಮ ನಂದಿಬೆಟ್ಟದ ಕಡೆ ಹುಟ್ಟುವ ಪೆನ್ನಾರ್ ನದಿ ಅಲ್ಲಿ ಎರ್ರಮಲ ಬೆಟ್ಟವನ್ನೇ ಸೀಳಿಕೊಂಡು, ಸುಮಾರು 300 ಅಡಿ ಕೆಳಗೆ ಹರಿಯುತ್ತದೆ.

ಅಂಚಿನಲ್ಲಿ ನಿಂತ ಸೋದರಮಾವ, "ನೋಡಪ್ಪ, ನೀರು ಯಾರ ಜೋಡಿನೂ ಜಗಳ ಆಡಲಿಲ್ಲ. ಜಾತಿನೂ ಹಿಂಗ ಸವೀತದ, ತಾಳ್ಮೆ ಬೇಕು" ಅಂದರು. ಮಾತೇನೋ ಚಂದ. ನನಗೆ ಒಪ್ಪಲಾಗಲಿಲ್ಲ.

ಕೊರೆದ ಬೆಟ್ಟ ಮತ್ತೆ ಬೆಳೆಯುವುದಿಲ್ಲ. ಜಾತಿ ಬೆಳೆಯುತ್ತದೆ, ಏಕೆಂದರೆ ದಿನಾ ಬೆಳಿಗ್ಗೆ ಯಾರೋ ಅದನ್ನು ಹೊಸದಾಗಿ ಆಚರಿಸುತ್ತಾರೆ. ಕಾರಣ ಇರುವತನಕ ಫಲ ಇರುತ್ತದೆ ಎಂದೇ ಅಲ್ಲವೇ ಪ್ರತೀತ್ಯ ಸಮುತ್ಪಾದ ಹೇಳುವುದು? ನಮ್ಮದೇ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲ್‌ಗಳ ಬಾಗಿಲು ದಲಿತರಿಗೆ ಮುಚ್ಚಿತ್ತು. 2014ರಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕೊಪ್ಪಳದ ನ್ಯಾಯಾಲಯ ತೀರ್ಪು ಕೊಟ್ಟದ್ದು 2024ರಲ್ಲಿ. ನದಿಗೆ 10 ವರ್ಷ ಲೆಕ್ಕಕ್ಕಿಲ್ಲ. ಆ ಕೇರಿಯ ಮಗುವಿಗೆ ಅದು ಇಡೀ ಬಾಲ್ಯ.

ಹಾಗಾದರೆ ಖಂತಿ, ಅಂದರೆ ಸಹನೆ, ಪಾರಮಿಗಳಲ್ಲಿ ಒಂದು ಹೇಗಾಯಿತು? ಮಹಾಡದ ಕಡೆ ನೋಡೋಣ. 1927ರ ಮಾರ್ಚ್ 20ರಂದು ಚವದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ನಮ್ಮ ಜನ ಏಟು ತಿಂದರು. ತಿರುಗಿ ಕೈಮಾಡಬೇಡಿ ಎಂದರು ಬಾಬಾಸಾಹೇಬರು. ಆದರೆ ಕೆರೆಯ ಹಕ್ಕನ್ನು ಬಿಟ್ಟುಕೊಡಲಿಲ್ಲ. ಎದುರಾಳಿಗಳು ಹೂಡಿದ ದಾವೆಯನ್ನು ಎದುರಿಸುತ್ತ, 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಗೆದ್ದರು.